ಸೊಟ್ಟ ಬಟ್ಟಲಿಗೆ ಕಳೆ ಬರುವುದು ಯಾವಾಗ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮಕ್ಕಳು ಓದಲು ಹೊರಗೆ ಹೋದ ಮೇಲೆ ಮಣ್ಣಿನ ಕೆಲಸ ಕಲಿಯಲು ಶುರುಮಾಡಿದೆ. ಮನೆಯಲ್ಲೇ ಒಂದು ತಿಗರಿ, ಚಿಕ್ಕ ಕರೆಂಟ್ ಗೂಡು ಇದೆ. ನಾನು ಮಾಡುವ ಬಟ್ಟಲು, ಹೂಜಿಗಳು ಸೊಟ್ಟಗೆ, ಒರಟಾಗಿ ಬರುತ್ತವೆ. ನನಗೆ ಅವೇ ಇಷ್ಟ. ಅತ್ತೆ ಮಾತ್ರ "ಇದ್ರಲ್ಲಿ ಏನ್ ಹಾಕಿಡ್ತೀಯ?" ಅಂತ ಕೇಳುತ್ತಾರೆ. ಬೆಂಗಳೂರಿನ ಅಂಗಡಿಯಿಂದ ಇಂಥದೇ ಒಂದು ಲೋಟವನ್ನು ದುಬಾರಿ ಬೆಲೆ ಕೊಟ್ಟು ತಂದೆ, ಅದು ಸೋರುತ್ತದೆ. ಹಾಗಾದರೆ ಕಲೆಗೂ ಕೆಟ್ಟ ಕೆಲಸಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ನಮ್ಮ ಕೆರೆಯ ಮಣ್ಣನ್ನೇ ಬಳಸಬಹುದೇ? ಇವನ್ನು ಮಾರಬಹುದೇ? ನನ್ನ ಮೂರು ಕೆಲಸಗಳ ಫೋಟೊ ಕಳಿಸಿದ್ದೇನೆ.

ಉತ್ತರ: ಸೋರುವ ಲೋಟವನ್ನು ಮೊದಲು ಮುಗಿಸಿಬಿಡೋಣ, ಅದಕ್ಕೆ ಉತ್ತರ ಸುಲಭ. ಲೋಟ ಎಂದು ಹೇಳಿ ಮಾರಿದ್ದರಲ್ಲಿ ಕಾಫಿ ನಿಲ್ಲದಿದ್ದರೆ ಅದು ಕೆಟ್ಟ ಲೋಟ. ಮೈಮೇಲೆ ಎಷ್ಟೇ ಚಂದದ ಬಣ್ಣವಿರಲಿ, ಬುಡದಲ್ಲಿ ಯಾರದೇ ಸಹಿ ಇರಲಿ. ಅದರಲ್ಲಿ ನೀರು ತುಂಬಿ ಒಂದು ರಾತ್ರಿ ಹಳೇ ಪೇಪರಿನ ಮೇಲೆ ಇಟ್ಟು ನೋಡಿ. ಬೆಳಿಗ್ಗೆ ಪೇಪರು ಬುಡದಗಲಕ್ಕೂ ತೇವವಾಗಿದ್ದರೆ ಮಣ್ಣು ಸಾಕಷ್ಟು ಬೆಂದಿಲ್ಲ, ಗ್ಲೇಜಿನಲ್ಲಿ, ಅಂದರೆ ಮೇಲಿನ ಗಾಜಿನ ಲೇಪದಲ್ಲಿ, ಇರುವ ಎಳೆ ಬಿರುಕುಗಳಿಂದ ನೀರು ಇಳಿದು ಮೈಯೊಳಗೆ ಹರಡುತ್ತಿದೆ ಎಂದು ತಿಳಿಯಿರಿ. ಒಂದೇ ಕಡೆ ನೀರು ನಿಂತಿದ್ದರೆ ಅಲ್ಲಿ ಸೀಳಿದೆ. ನಮ್ಮ ನೀರಿನ ಮಡಕೆಯೂ ಬೆವರುತ್ತದಲ್ಲ ಅನ್ನಬಹುದು. ಅದು ಬೆವರಬೇಕೆಂದೇ ಹಾಗೆ ಸುಟ್ಟದ್ದು, ಹೊರಮೈಯ ನೀರು ಆರಿದಷ್ಟೂ ಒಳಗಿನದು ತಣ್ಣಗಾಗುತ್ತದೆ. ಕಾಫಿ ಲೋಟ ಬೆವರಿ ಯಾರಿಗೇನು ಲಾಭ? ಒಯ್ದು ವಾಪಸ್ ಕೊಡಿ. ಅಂಗಡಿಯವರು ಆಗ "ಮೇಡಂ, ಇದು ಆರ್ಟ್ ಪೀಸು" ಎಂದರೆ, ಬಿಲ್ಲು ಹಾಕುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿ.

ಅತ್ತೆಯವರ ಪ್ರಶ್ನೆ ಇದಕ್ಕಿಂತ ಗಟ್ಟಿ. ಆದರೆ ಅದಕ್ಕೆ ಉತ್ತರ ಅವರಿಗೇ ಗೊತ್ತಿದೆ. ಅವರ ಕಾಲದ ಮದುವೆಗಳಲ್ಲಿ ಕುಂಬಾರರ ಮನೆಯಿಂದ ವಾದ್ಯ ಊದಿಸಿಕೊಂಡು ಐರಣಿ ಗಡಿಗೆ ತರುತ್ತಿದ್ದದ್ದು ನೆನಪಿದೆಯೇ ಎಂದು ವಿಚಾರಿಸಿ. ಊರಿಗೊಂದು ಹೆಸರು, ಊರಿಗೊಂದು ಶಾಸ್ತ್ರ. ಸುಣ್ಣ, ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆದ ಆ ಗಡಿಗೆಯಲ್ಲಿ ಯಾರೂ ಸಾರು ಕುದಿಸಲಿಲ್ಲ. ಅದು ಮನೆಗೆ ಬಂದು ಕೂರುವುದೇ ಅದರ ಕೆಲಸ. ಹಾಸನಾಂಬೆಯ ಗುಡಿಯನ್ನೇ ನೋಡಿ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆದಾಗ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ದರ್ಶನ ಮಾಡುವುದು ಹುತ್ತದ ರೂಪದ ದೇವಿಯರನ್ನು. ಅಚ್ಚಿಲ್ಲ, ಅಳತೆಯಿಲ್ಲ, ಎರಡು ಬದಿ ಒಂದೇ ಸಮ ಇಲ್ಲ. ಮಣ್ಣು ಬರೀ ಪಾತ್ರೆಯಾಗಿರದೆ ಇನ್ನೇನೋ ಆಗಬಲ್ಲದು ಎಂಬುದನ್ನು ನಮ್ಮ ಜಿಲ್ಲೆಗಳ ಜನಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಹಾಗಿದ್ದೂ ಸೊಟ್ಟ ಬಟ್ಟಲು ಕಂಡರೆ ನಮಗೆ ಕಸಿವಿಸಿ ಯಾಕೆ? ನನ್ನ ಅನುಮಾನ ಬೇಲೂರು, ಹಳೇಬೀಡಿನ ಮೇಲೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ನವರಂಗದ ಕಂಬಗಳನ್ನು ಬಳಪದ ಕಲ್ಲಿನಲ್ಲಿ ತಿರುಗಿಸಿ ಕಡೆದಿದ್ದಾರೆ. ಉಂಗುರದ ಮೇಲೆ ಉಂಗುರ, ಎಲ್ಲೂ ಒಂದೆಳೆ ಆಚೀಚೆ ಇಲ್ಲ. ಶಾಲೆಯ ಪ್ರವಾಸದಿಂದ ಹಿಡಿದು ನೆಂಟರು ಬಂದಾಗೆಲ್ಲ ಅದನ್ನೇ ನೋಡಿ ಬೆಳೆದ ಕಣ್ಣು ನಮ್ಮದು. ನಯವೇ ಕೌಶಲ, ಒರಟೆಂದರೆ ಅರ್ಧ ಬಿಟ್ಟ ಕೆಲಸ ಎಂದು ಅದಕ್ಕೆ ಅಭ್ಯಾಸವಾಗಿದೆ. ಕಲ್ಲಿನ ವಿಚಾರದಲ್ಲಿ ಇದು ಸರಿ ಇರಬಹುದು. ಕಲ್ಲು ಕೆತ್ತಿದಷ್ಟೇ ಕಡಿಮೆಯಾಗುತ್ತದೆ, ಉಳಿದದ್ದು ಇದ್ದ ಹಾಗೇ ಇರುತ್ತದೆ. ಮಣ್ಣು ಹಾಗಲ್ಲ. ಒತ್ತಿದರೆ ಬಾಗುತ್ತದೆ, ಒಣಗುವಾಗ ಕುಗ್ಗುತ್ತದೆ, ಬೆಂಕಿಯಲ್ಲಿ ಮತ್ತೆ ಕುಗ್ಗುತ್ತದೆ, ಅತಿ ಕಾವಿಗೆ ಕುಸಿಯುತ್ತದೆ. ಇಷ್ಟೆಲ್ಲ ನಡೆದದ್ದನ್ನು ಅಳಿಸಿ ನಯ ಮಾಡುವುದು ಒಂದು ದಾರಿ, ಕಾಣುವಂತೆ ಬಿಡುವುದು ಇನ್ನೊಂದು. ನೀವು ಹಿಡಿದಿರುವುದು ಎರಡನೆಯದನ್ನು.

ಆ ದಾರಿಯ ಕಷ್ಟ ಏನೆಂದರೆ, ಅಲ್ಲಿ ಪರೀಕ್ಷಕರಿಲ್ಲ. ಕೊಡ ಮಾಡುವ ಕುಂಬಾರನಿಗೆ ಬಳಕೆಯೇ ಪರೀಕ್ಷೆ. ಸಂತೆಗೆ ಬಂದವರು ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ, ಬೋಕಿ ಸದ್ದು ಬಂದರೆ ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತುತ್ತಾರೆ. ಸೊಂಟದಲ್ಲಿ ಕೂರದ ಕೊಡ, ಬೆಂಕಿಗೆ ಸೀಳುವ ಮಡಕೆ ತಾವಾಗೇ ಆಟದಿಂದ ಹೊರಗೆ. ನೀರು ನಿಲ್ಲಬೇಕೆಂಬ ಷರತ್ತನ್ನು ನೀವು ಕೈಬಿಟ್ಟ ಕ್ಷಣ, 'ಇದು ಬೇಡ' ಎಂದು ಹೇಳುವ ಹೊಣೆ ಪೂರ್ತಿ ನಿಮ್ಮ ತಲೆಗೆ ಬರುತ್ತದೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎನ್ನುತ್ತಾರಲ್ಲ, ಈ ಬಗೆಯ ಕೆಲಸದಲ್ಲಿ ಕುಂಬಾರನೂ ನೀವೇ, ದೊಣ್ಣೆ ಹಿಡಿಯಬೇಕಾದವರೂ ನೀವೇ. ಗೂಡಿನಿಂದ ಇಳಿಸಿದ್ದೆಲ್ಲವೂ ಚಂದ ಎಂದು ಕಪಾಟಿನಲ್ಲಿ ಜೋಡಿಸುವವರ ಕೆಲಸಕ್ಕೂ, ಒಂದನ್ನು ಉಳಿಸಿ ಉಳಿದದ್ದನ್ನು ಒಡೆದು ಹಾಕುವವರ ಕೆಲಸಕ್ಕೂ ಇರುವ ಅಂತರವನ್ನು ಯಾರು ಬೇಕಾದರೂ ಕಾಣಬಹುದು. ನೀವು ಕೇಳಿದ ವ್ಯತ್ಯಾಸ ಬಹುಮಟ್ಟಿಗೆ ಇಷ್ಟೇ ಎಂದು ನನ್ನ ಅಭಿಪ್ರಾಯ.

ಜಪಾನಿನವರು ಈ ಆಯ್ಕೆಯನ್ನು ಒಂದು ವಿದ್ಯೆಯಾಗಿಯೇ ಬೆಳೆಸಿದರು. ಹದಿನಾರನೆಯ ಶತಮಾನದಲ್ಲಿ ಚಹಾ ಗೋಷ್ಠಿಗಳ ಗುರು ಸೆನ್ ನೊ ರಿಕ್ಯು (1522–1591), ಚೀನಾದಿಂದ ಬರುತ್ತಿದ್ದ ನುಣುಪು ಬಟ್ಟಲುಗಳಿಗಿಂತ ಕ್ಯೋಟೊದ ಚೋಜಿರೊ ತಿಗರಿಯೇ ಇಲ್ಲದೆ ಕೈಯಲ್ಲಿ ತಿದ್ದಿ ಮಾಡಿಕೊಟ್ಟ ಕಪ್ಪು, ಕೆಂಪು ಬಟ್ಟಲುಗಳನ್ನು ಮೆಚ್ಚಿದ. ರಾಕು ಎಂದು ಹೆಸರಾದದ್ದು ಅದೇ. ರಿಕ್ಯುವಿನ ಶಿಷ್ಯ ಫುರುತ ಓರಿಬೆ ಇನ್ನೂ ಮುಂದೆ ಹೋಗಿ ಬೇಕೆಂದೇ ಒತ್ತಿ ಸೊಟ್ಟ ಮಾಡಿದ ಬಟ್ಟಲುಗಳನ್ನೇ ಇಷ್ಟಪಟ್ಟ. ಇಗಾ ಎಂಬಲ್ಲಿ ಸುಟ್ಟ ಒಂದು ನೀರಿನ ಜಾಡಿ ಇದೆ, ಯಾಬುರೆಬುಕುರೊ ಅಂದರೆ ಹರಿದ ಚೀಲ ಎಂದು ಅದಕ್ಕೆ ಹೆಸರು. ಸೌದೆ ಗೂಡಿನ ಕಾವಿಗೆ ಕುಸಿದು ಕೂತಿದೆ, ಹೊಟ್ಟೆಯಲ್ಲಿ ದೊಡ್ಡ ಬಿರುಕು. ನಮ್ಮ ಸಂತೆಯಲ್ಲಾಗಿದ್ದರೆ ಅದನ್ನು ಎತ್ತಿ ಎಸೆಯುತ್ತಿದ್ದರು. ಈಗ ಟೋಕಿಯೊದ ಗೋಟೊ ಮ್ಯೂಸಿಯಂನಲ್ಲಿ ಮುಖ್ಯ ಸಾಂಸ್ಕೃತಿಕ ಆಸ್ತಿಯಾಗಿ ಉಳಿದಿದೆ. ಬಿರುಕು ಬಿಟ್ಟ ಜಾಡಿಗಳು ಆ ಗೂಡುಗಳಲ್ಲಿ ಎಷ್ಟೋ ಬಂದಿರಬೇಕು, ಉಳಿಸಿಕೊಂಡದ್ದು ಇಂಥ ಒಂದೊಂದನ್ನು. ಅದರ ಕುಸಿತದಲ್ಲಿ ಭಾರವಿದೆ, ಬಿರುಕು ಆ ಭಾರ ಇಳಿದ ದಿಕ್ಕಿನಲ್ಲೇ ತೆರೆದುಕೊಂಡಿದೆ. ಕಣ್ಣಿಗೆ ಅಲ್ಲಿ ನಡೆದದ್ದು ಪೂರ್ತಿ ಓದಲು ಸಿಗುತ್ತದೆ.

ಇದಕ್ಕೆ ಪಕ್ಕದಲ್ಲೇ ಇಡಬೇಕಾದದ್ದು ಕಿಜಾಯೆಮೊನ್ ಇದೊ ಎಂಬ ಬಟ್ಟಲು. ಕೊರಿಯಾದ ಹಳ್ಳಿಗೂಡಿನಲ್ಲಿ ದಿನಬಳಕೆಗೆ ಮಾಡಿದ್ದು, ಮಾಡಿದವನ ಹೆಸರು ಯಾರಿಗೂ ತಿಳಿಯದು. ಬುಡದ ಹತ್ತಿರ ಗ್ಲೇಜು ಹಿಡಿಯದೆ ಗುಳ್ಳೆಗುಳ್ಳೆಯಾಗಿ ಸರಿದುಕೊಂಡಿದೆ. ಇವತ್ತು ಯಾವ ಸೆರಾಮಿಕ್ ಕೋರ್ಸಿನಲ್ಲಾದರೂ ಅದನ್ನು ದೋಷಗಳ ಪಟ್ಟಿಯಲ್ಲಿ ಕಲಿಸುತ್ತಾರೆ. ಚಹಾ ಗುರುಗಳು ಅದನ್ನೇ ಸೌಂದರ್ಯ ಎಂದರು, ಆ ಬಟ್ಟಲು ಈಗ ಕ್ಯೋಟೊದ ದೈತೊಕುಜಿ ಮಠದ ಆವರಣದಲ್ಲಿ, ಜಪಾನಿನ ರಾಷ್ಟ್ರೀಯ ಸಂಪತ್ತು. 1931ರಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದ, ಜನಪದ ಕರಕುಶಲದ ಚಿಂತಕ ಯಾನಗಿ ಸೊಯೆತ್ಸು ಬೆರಗಾದದ್ದು ಅದು ಎಷ್ಟು ಸಾಧಾರಣವಾಗಿದೆ ಎಂಬುದಕ್ಕೆ. ನೀವು ಇದನ್ನು ಗಮನಿಸಬೇಕು ಎನ್ನುವುದಕ್ಕೆ ಕಾರಣವಿದೆ. ಕಳೆ ಬರಲಿ ಎಂದು ಹಟ ಹಿಡಿದು ಮಾಡಿದ್ದಕ್ಕಿಂತ, ದಿನಕ್ಕೆ ರಾಶಿ ಬಟ್ಟಲು ಎಳೆಯುವ ಕೈ ಯೋಚನೆಯಿಲ್ಲದೆ ಬಿಟ್ಟದ್ದರಲ್ಲೇ ಎಷ್ಟೋ ಸಲ ಹೆಚ್ಚು ಕಳೆ ಇರುತ್ತದೆ. ಅರಕಲಗೂಡಿನದೋ ಕಡೂರಿನದೋ ಸಂತೆಯಲ್ಲಿ ಸಿಗುವ ಹಣತೆಗಳನ್ನು ಒಂದೊಂದಾಗಿ ಎತ್ತಿ ಬಾಯಿಯ ಅಂಚು ನೋಡಿ. ಹೆಬ್ಬೆರಳು ಒತ್ತಿ ಬತ್ತಿಗೆ ಜಾಗ ಮಾಡಿದ ಆ ಒಂದು ಚಲನೆ ಒಂದರಂತೆ ಇನ್ನೊಂದರಲ್ಲಿಲ್ಲ, ಯಾವುದರಲ್ಲೂ ನಾಟಕವೂ ಇಲ್ಲ.

ಅಮೆರಿಕದವರ ಕಥೆ ಬೇರೆ. ಮಿಸಿಸಿಪ್ಪಿಯ ಬಿಲೊಕ್ಸಿ ಊರಿನ ಜಾರ್ಜ್ ಓರ್ (1857–1918) ತಿಗರಿಯ ಮೇಲೆ ಹಪ್ಪಳದಷ್ಟು ತೆಳ್ಳಗೆ ಪಾತ್ರೆ ಎಳೆದು, ಆಮೇಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಅದನ್ನು ತಿರುಚಿ, ಮಡಿಸಿ ಬಿಡುತ್ತಿದ್ದ. ಊರವರು ಹುಚ್ಚು ಕುಂಬಾರ ಎಂದರು, ಅವನೂ ಅದನ್ನೇ ಬಿರುದು ಮಾಡಿಕೊಂಡ. ಮಾರಾಟವಾಗದೆ ಉಳಿದ ಸಾವಿರಾರು ಪಾತ್ರೆಗಳು ಅವನು ಸತ್ತು ಸುಮಾರು ಅರ್ಧ ಶತಮಾನದವರೆಗೆ ಮನೆಯವರ ಬಳಿಯೇ ಮೂಲೆ ಹಿಡಿದಿದ್ದವು. ಈಗ ಅದೇ ಊರಿನಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ. ಇನ್ನೊಬ್ಬ ಪೀಟರ್ ವೌಲ್ಕಸ್ (1924–2002), ಮೊದಲು ನೀಟಾದ ಜಾಡಿ, ಮುಚ್ಚಳದ ಪಾತ್ರೆಗಳಿಗೆ ಬಹುಮಾನಗಳ ಮೇಲೆ ಬಹುಮಾನ ಗೆದ್ದವನು. 1953ರಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜು, ನ್ಯೂಯಾರ್ಕುಗಳಲ್ಲಿ ಹೊಸ ಚಿತ್ರಕಾರರ ಒಡನಾಟ ಸಿಕ್ಕಿತು, ಮುಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಪಾಠಕ್ಕೆ ನಿಂತ. ಅಲ್ಲಿಂದಾಚೆ ಅವನ ಪಾತ್ರೆಗಳು ಸೀಳಿದವು, ಒಂದರ ಮೇಲೊಂದು ಕೂತು ಆಳೆತ್ತರಕ್ಕೆ ಬೆಳೆದವು, ತಟ್ಟೆಗಳಿಗೆ ತೂತು ಬಿದ್ದವು. ಊಟಕ್ಕೆ ಬಾರದ ತಟ್ಟೆ, ಆದರೂ ಅದು ತಟ್ಟೆಯೇ. ದುಂಡು ಬೇಕು, ಅಂಚು ಬೇಕು, ನಡುವೆ ಬಯಲು ಬೇಕು. ಅದಿಲ್ಲದಿದ್ದರೆ ಆ ಸೀಳಿಗೆ ಅರ್ಥವೇ ಇರುತ್ತಿರಲಿಲ್ಲ.

ಇವರಿಬ್ಬರನ್ನು ತೋರಿಸಿ ಕಲಿಸುವವರು ಸಾಮಾನ್ಯವಾಗಿ "ಮೊದಲು ನೇರ ಮಾಡಲು ಕಲಿ, ಆಮೇಲೆ ಸೊಟ್ಟ ಮಾಡು" ಎನ್ನುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮಣಿಪುರದ ಲೊಂಗ್‌ಪಿ ಹಳ್ಳಿಯ ತಾಂಗ್‌ಖುಲ್ ನಾಗಾ ಜನ ತಿಗರಿಯನ್ನೇ ಮುಟ್ಟದೆ ಕಲ್ಲಿನ ಪುಡಿ ಬೆರೆಸಿದ ಮಣ್ಣಿನಲ್ಲಿ ಗಂಭೀರವಾದ ಕಪ್ಪು ಪಾತ್ರೆ ಮಾಡುತ್ತಾರೆ. ತಿಗರಿಯ ಮೇಲೆ ಒಂದಡಿ ಎತ್ತರದ ಉರುಳೆ ಎಳೆಯಲು ಬರಬೇಕೆಂಬ ಕಡ್ಡಾಯ ಏನಿಲ್ಲ. ಕಡ್ಡಾಯವಾದದ್ದು ಮಣ್ಣಿನ ಹದ ತಿಳಿಯುವುದು.

ಹದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ನಿಮ್ಮ ಫೋಟೊಗಳಲ್ಲಿ ತೊಡಕಿರುವುದು ಅಲ್ಲೇ. ತಿಗರಿಯಿಂದ ಈಗಷ್ಟೇ ಇಳಿಸಿದ ಬಟ್ಟಲಿನ ಅಂಚನ್ನು ಒಳಕ್ಕೆ ತಳ್ಳಿ. ಮಣ್ಣು ಹರಿದು ಬಂದು ಮಡಿಕೆಯಾಗುತ್ತದೆ, ಮಡಿಕೆಯ ಬೆನ್ನು ದುಂಡಗಿರುತ್ತದೆ, ಬೆರಳಿನ ತೇವ ಕೂಡ ಗುರುತು ಬಿಡುತ್ತದೆ. ಇನ್ನೊಂದನ್ನು ಒಂದು ದಿನ ಬಿಟ್ಟು, ಉಗುರು ಒತ್ತಿದರೆ ಗುರುತು ಬೀಳುತ್ತದೆ ಆದರೆ ಬೆರಳಿಗೆ ಬಾಗುವುದಿಲ್ಲ ಎನ್ನುವ ಹದದಲ್ಲಿ ಮರದ ಹಲಗೆಯಿಂದ ಬಡಿಯಿರಿ. ಆಗ ಚಪ್ಪಟೆ ಮುಖಗಳು, ಚೂಪು ಅಂಚುಗಳು, ತುದಿಯಲ್ಲಿ ಸಣ್ಣ ಸೀಳುಗಳು ಬರುತ್ತವೆ. ಎರಡೂ ಚಂದವೇ, ಮಾತು ಬೇರೆ ಬೇರೆ. ಇವೆರಡರ ನಡುವೆ ಒಂದು ಹೊತ್ತು ಇದೆ, ಮಣ್ಣು ಹರಿಯುವುದೂ ಇಲ್ಲ, ಸೀಳುವುದೂ ಇಲ್ಲ, ಸುಮ್ಮನೆ ಜೋತು ಬೀಳುತ್ತದೆ. ಹೊಸಬರ ಸೊಟ್ಟ ಬಟ್ಟಲುಗಳಲ್ಲಿ ಮುಕ್ಕಾಲು ಪಾಲು ಈ ಹೊತ್ತಿನಲ್ಲಿ ಹುಟ್ಟಿದವು. ಒತ್ತಿದ ಕೈ ಕಾಣುವುದಿಲ್ಲ, ಬರೀ ದಣಿವು ಕಾಣುತ್ತದೆ.

ಮಣ್ಣಿಗೆ ನೆನಪೂ ಇದೆ. ಜೇಡಿಯ ಕಣಗಳು ತೆಳ್ಳನೆಯ ಬಿಲ್ಲೆಗಳಂಥವು, ಒತ್ತಡ ಬಿದ್ದ ಕಡೆ ಒಂದೇ ದಿಕ್ಕಿಗೆ ಮಲಗುತ್ತವೆ. ಸೊಟ್ಟವಾದದ್ದನ್ನು ಮೇಲಿಂದ ಮೇಲೆ ನೇರ ಮಾಡಿದರೆ ಕಣ್ಣಿಗೆ ನೇರ ಕಂಡೀತು, ಒಣಗುವಾಗ, ಸುಡುವಾಗ ಮತ್ತೆ ಹಳೇ ಸೊಟ್ಟಕ್ಕೇ ತಿರುಗುತ್ತದೆ. ಅದೇ ಕಾರಣಕ್ಕೆ ಬೇಕೆಂದೇ ಕೊಟ್ಟ ಬಾಗು ಬೆಂಕಿಯಲ್ಲಿ ಇನ್ನಷ್ಟು ಹೆಚ್ಚಬಹುದು. ಒಂದೇ ಮಣ್ಣಿನಲ್ಲಿ ಒಂದೇ ಅಳತೆಯ ಐದಾರು ಬಟ್ಟಲು ಎಳೆದು, ಒಂದೊಂದನ್ನು ಒಂದೊಂದು ಹದದಲ್ಲಿ ಒಂದೇ ಬಗೆಯಲ್ಲಿ ಒತ್ತಿ, ಬುಡದಲ್ಲಿ ಸಮಯ ಗೀಚಿ ಸುಟ್ಟು ನೋಡಿ. ನನ್ನ ಈ ಉತ್ತರ ಪೂರ್ತಿ ಓದುವುದಕ್ಕಿಂತ ಆ ಸಾಲು ಹೆಚ್ಚು ಕಲಿಸುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಅನುಕೂಲ ಇದೆ, ಬೇರೆಯವರು ಇದನ್ನು ತೊಂದರೆ ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗುವುದಿಲ್ಲವಾದ್ದರಿಂದ ಒಂದು ಹದ ದಿನಗಟ್ಟಲೆ ಹಾಗೇ ನಿಲ್ಲುತ್ತದೆ, ಅವಸರವಿಲ್ಲದೆ ಕೆಲಸ ಮಾಡಬಹುದು. ಆದರೆ ಒಣಗಿಸುವಾಗ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ಪೂರ್ತಿ ಒಣಗುವವರೆಗೂ ಕಾಯಿರಿ. ಕೆನ್ನೆಗೆ ಹಿಡಿದಾಗ ತಣ್ಣಗನಿಸಿದರೆ ಒಳಗೆ ಇನ್ನೂ ನೀರಿದೆ, ಗೂಡಿನಲ್ಲಿ ಆ ನೀರು ಆವಿಯಾಗಿ ಪಾತ್ರೆಯನ್ನು ಒಡೆಯುತ್ತದೆ. ದಪ್ಪ ಅಂಚು, ಮಡಿಕೆ ಇರುವ ನಿಮ್ಮಂಥ ಕೆಲಸಕ್ಕೆ ಈ ಅಪಾಯ ಹೆಚ್ಚು.

ಈಗ ಮೂರು ಫೋಟೊ. ಮೊದಲನೆಯದು, ಒಂದು ಬದಿಯ ಅಂಚು ಒಳಕ್ಕೆ ಬಂದ ಕೆಂಪು ಬಟ್ಟಲು, ಚೆನ್ನಾಗಿದೆ. ಒತ್ತಿದ್ದು ಒಮ್ಮೆ ಮಾತ್ರ. ಆ ಒತ್ತಡ ಅಂಚಿನಲ್ಲಿ ನಿಲ್ಲದೆ ಹೊಟ್ಟೆಯವರೆಗೆ ಇಳಿದಿದೆ, ಎದುರು ಬದಿ ಅದಕ್ಕೆ ಉತ್ತರವಾಗಿ ಸ್ವಲ್ಪ ಉಬ್ಬಿದೆ. ಎಲ್ಲ ಕಡೆಯಿಂದ ತಿರುಗಿಸಿ ನೋಡಿದರೂ ಏನಾಯಿತೆಂದು ತಿಳಿಯುತ್ತದೆ. ಬುಡ ಮಾತ್ರ ಇನ್ನೊಬ್ಬರು ಮಾಡಿದ ಹಾಗಿದೆ, ಅಷ್ಟು ನೀಟಾಗಿ ಕೆರೆದಿದ್ದೀರಿ. ಮೇಲೆ ಅಷ್ಟು ನಡೆದ ಬಟ್ಟಲಿಗೆ ಅಂಗಡಿಯಿಂದ ತಂದು ಅಂಟಿಸಿದಂಥ ಪಾದ ಒಪ್ಪುವುದಿಲ್ಲ. ಎರಡನೆಯದು, ವಾಲಿದ ಹೂಜಿ, ನಾನು ಮೇಲೆ ಹೇಳಿದ ನಡುಹೊತ್ತಿನದು. ಅದು ವಾಲಿದ್ದು ನೀವು ವಾಲಿಸಿದ್ದರಿಂದಲ್ಲ, ಗೋಡೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದದ್ದರಿಂದ. ಕೈಯಲ್ಲಿ ಎತ್ತಿದರೆ ಭಾರ ತಪ್ಪು ಜಾಗದಲ್ಲಿ ಸಿಗುತ್ತದೆಂದು ಫೋಟೊದಲ್ಲೇ ಹೇಳಬಲ್ಲೆ. ಒಡೆದುಬಿಡಿ. ಬೇಸರವೆನಿಸಿದರೆ ಬೋಕಿಗಳನ್ನು ಕುಟ್ಟಿ ಜರಡಿ ಹಿಡಿದು ಮುಂದಿನ ಮಣ್ಣಿಗೆ ಸೇರಿಸಿ, ಹಳೇ ಕುಂಬಾರರೂ ಹಾಗೆ ಮಾಡುತ್ತಿದ್ದರು, ಸುಟ್ಟ ಮಣ್ಣಿನ ತರಿ ಬೆರೆತ ಮೈ ಕಡಿಮೆ ಕುಗ್ಗುತ್ತದೆ, ಕಡಿಮೆ ಸೀಳುತ್ತದೆ.

ಮೂರನೆಯದನ್ನು ನೀವು ಎಲ್ಲಕ್ಕಿಂತ ಹೆಚ್ಚು ಮೆಚ್ಚಿ ಕಳಿಸಿದ್ದೀರಿ ಎಂದು ಊಹಿಸುತ್ತೇನೆ. ಸುತ್ತಲೂ ಹರಿದ ಅಂಚು, ಮೈಯಲ್ಲಿ ಸಾಲಾಗಿ ತೂತು, ಹೊರಗೆ ಗೀಚು, ಒಳಗೆ ನೀಲಿ, ಒಂದು ಕಡೆ ಚಿನ್ನದ ಬಣ್ಣ. ಪ್ರತಿ ಅಂಗುಲವೂ ತನ್ನನ್ನು ನೋಡು ಎನ್ನುತ್ತಿದೆ. ಹರಿದ ಅಂಚನ್ನು ಹತ್ತಿರದಿಂದ ನೋಡಿ, ಹರಿದ ಮೇಲೆ ಸ್ಪಂಜಿನಿಂದ ಒರೆಸಿ ಮೆತ್ತಗೆ ಮಾಡಿದ್ದೀರಿ. ಹರಿಯುವ ಧೈರ್ಯವೂ ಇದೆ, ಹರಿದದ್ದಕ್ಕೆ ಅಂಜಿಕೆಯೂ ಇದೆ. ಮತ್ತು ಆ ಚಿನ್ನದ ಗೆರೆ. ಒಡೆದ ಬಟ್ಟಲನ್ನು ಮರದ ಅರಗಿನಿಂದ ಅಂಟಿಸಿ ಚಿನ್ನದ ಪುಡಿ ಉದುರಿಸುವ ಜಪಾನಿನ ಪದ್ಧತಿ ಈಗ ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲೂ ಇದೆ. ಒಡೆಯದ ಬಟ್ಟಲಿನ ಮೇಲೆ ಚಿನ್ನದ ಗೆರೆ ಎಳೆಯುವುದು, ಪೆಟ್ಟಾಗದ ಕಾಲಿಗೆ ಪಟ್ಟಿ ಕಟ್ಟುವ ಕೆಲಸ. ದಯವಿಟ್ಟು ಬೇಡ.

ಕೆರೆ ಮಣ್ಣು ಖಂಡಿತ ಬಳಸಿ. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಮಣ್ಣಿನಲ್ಲಿ ಯಾವ ಊರೂ ಇಲ್ಲ. ನಮ್ಮ ಕಡೆಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಧಾರಾಳ, ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಸೀಮೆ ಇದು. ಗಾಳಿ ಆಡುವ ಗೂಡಿನಲ್ಲಿ ಆ ಕಬ್ಬಿಣ ಇಟ್ಟಿಗೆ ಕೆಂಪು ಕೊಡುತ್ತದೆ, ಹೊಗೆ ತುಂಬಿದ ಕಡೆ ಕಪ್ಪು. ಮಣ್ಣನ್ನು ನೀರಿನಲ್ಲಿ ನೆನೆಹಾಕಿ, ಕದಡಿ, ಬಟ್ಟೆಯಲ್ಲೋ ಸಣ್ಣ ಜರಡಿಯಲ್ಲೋ ಸೋಸಿ, ತಂಗಿದ ಮೇಲೆ ಮೇಲಿನ ನೀರು ಚೆಲ್ಲಿ. ಸೋಸುವುದರಲ್ಲಿ ಸೋಮಾರಿತನ ಬೇಡ. ಕೆರೆ ಹೂಳಿನಲ್ಲಿ ಬಸವನಹುಳುವಿನ ಚಿಪ್ಪಿನ ಚೂರು ಇರುತ್ತವೆ. ಸುಟ್ಟಾಗ ಅವು ಸುಣ್ಣವಾಗಿ, ಗೂಡಿನಿಂದ ಹೊರಬಂದ ಕೆಲವು ದಿನಗಳಲ್ಲಿ ಗಾಳಿಯ ತೇವ ಹೀರಿ ಉಬ್ಬಿ, ಮೈಯಿಂದ ಚಕ್ಕೆ ಎಬ್ಬಿಸುತ್ತವೆ. ಮಳೆಗಾಲದ ಮೂಡಿಗೆರೆಯಲ್ಲಿ ಅದಕ್ಕೆ ತೇವದ ಬರವೇ? ಹದ ಮಾಡಿದ ಮಣ್ಣಿನಲ್ಲಿ ಒಂದು ಪಟ್ಟಿ ಮಾಡಿ, ಅದರ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಒಣಗಿದ ಮೇಲೊಮ್ಮೆ, ಸುಟ್ಟ ಮೇಲೊಮ್ಮೆ ಅಳೆಯಿರಿ. ಗೆರೆ ತೀರಾ ಕುಗ್ಗಿದರೆ ಮರಳೋ ಬೋಕಿಯ ತರಿಯೋ ಸೇರಿಸಿ.

ಒಂದು ಎಚ್ಚರಿಕೆ ಮಾತ್ರ ಗೋಡೆಯ ಮೇಲೆ ಬರೆದಿಡಿ: ಕೆರೆ ಮಣ್ಣನ್ನು ಪರೀಕ್ಷಿಸದೆ 1200 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಡಿ. ಪ್ಯಾಕೆಟ್ಟಿನ ಸ್ಟೋನ್‌ವೇರ್ ಮಣ್ಣು ತಾಳುವ ಕಾವು ಅದು. ಕಬ್ಬಿಣ ಹೆಚ್ಚಿರುವ ಮಣ್ಣು ಅಲ್ಲಿ ಉಬ್ಬಿ, ಕರಗಿ, ಗೂಡಿನ ತಟ್ಟೆಗೆ ಅಂಟಿ ಹೋಗುತ್ತದೆ. 1000ದ ಆಸುಪಾಸಿನಲ್ಲಿ ಶುರುಮಾಡಿ. ಒಂದು ಚೂರನ್ನು ಹಳೇ ತಟ್ಟೆಯ ಮೇಲಿಟ್ಟು ಸ್ವಲ್ಪ ಸ್ವಲ್ಪ ಏರಿಸುತ್ತ ಎಲ್ಲಿ ಸೋಲುತ್ತದೆ ನೋಡಿ. ಸೋಲುವುದಕ್ಕೆ ಸ್ವಲ್ಪ ಮುಂಚಿನ ಬಣ್ಣ, ಕಡುಗೆಂಪು ಕಂದಿಗೆ ತಿರುಗುವಾಗಿನದು, ನನಗೆ ಬಹಳ ಇಷ್ಟ.

ತೋಟದಲ್ಲಿ ಇರುವವರಿಗೆ ಇನ್ನೂ ಒಂದು ಸಂಪತ್ತು ಇದೆ, ಹೊಗೆ ಮತ್ತು ಬೂದಿ. ಕರೆಂಟ್ ಗೂಡಿನೊಳಗೆ ಹೊಗೆ ಎಬ್ಬಿಸಬೇಡಿ, ಕಾಯಿಲ್ ಹಾಳಾಗುತ್ತದೆ. ಅದರಲ್ಲಿ 900–1000 ಡಿಗ್ರಿಗೆ ಒಮ್ಮೆ ಸುಟ್ಟು, ತಣಿದ ಮೇಲೆ ಹೊರಗೆ ಇಟ್ಟಿಗೆ ಜೋಡಿಸಿದ ಗುಂಡಿಯಲ್ಲೋ ಹಳೇ ಡ್ರಮ್ಮಿನಲ್ಲೋ ಮರದ ಪುಡಿ, ಕಾಫಿ ಹೊಟ್ಟು, ಒಣ ಸಿಲ್ವರ್ ಓಕ್ ಎಲೆಗಳ ನಡುವೆ ಹೂತು ನಿಧಾನವಾಗಿ ಹೊಗೆಯಾಡಿಸಿ. ಬೆಂಕಿ ತಾಗಿದ ಕಡೆ ಕೆಂಪು, ಹೊಗೆ ಸಿಕ್ಕಿದ ಕಡೆ ಕಪ್ಪು, ನಡುವೆ ಬೂದು. ಪಾತ್ರೆ ಅರ್ಧ ಒಣಗಿದ್ದಾಗ ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿಟ್ಟಿದ್ದರೆ ಈ ಬಣ್ಣಗಳು ಗ್ಲೇಜಿಲ್ಲದೆಯೂ ಹೊಳೆಯುತ್ತವೆ. ಆದರೆ ಕಾಲ ನೋಡಿ ಮಾಡಬೇಕು. ಕಣದಲ್ಲಿ ಕಾಫಿ ಹರವಿರುವಾಗ ಖಂಡಿತ ಬೇಡ, ಬೀಜ ಹೊಗೆಯ ವಾಸನೆ ಹಿಡಿಯುತ್ತದೆ, ಆಮೇಲೆ ಅತ್ತೆಯ ಜೊತೆ ಯಜಮಾನರೂ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೀಳುವ ಮುಂಚೆ ತೋಟದ ತುಂಬ ತರಗೆಲೆ, ಒಂದು ಕಿಡಿ ಸಾಕು. ಒಂದೆರಡು ಮಳೆ ಬಿದ್ದ ಮೇಲೆ, ಗಾಳಿ ಇಲ್ಲದ ದಿನ, ಪಕ್ಕದಲ್ಲಿ ನೀರಿನ ಪೈಪು ಇಟ್ಟುಕೊಂಡು ಮಾಡಿ. ಸಿಮೆಂಟ್ ಕಣದ ಮೇಲೆ ನೇರವಾಗಿ ಬೆಂಕಿ ಹಾಕಿದರೆ ಸಿಮೆಂಟು ಚಕ್ಕೆಯಾಗಿ ಸಿಡಿಯುತ್ತದೆ, ಕೆಳಗೆ ದಪ್ಪಗೆ ಮರಳು ಹರಡಿ.

ಬೂದಿಯ ಗ್ಲೇಜು ದೊಡ್ಡ ವಿಷಯ, ಇಲ್ಲಿ ಎರಡು ಮಾತು. ಒಲೆಯ ಬೂದಿಯಲ್ಲಿ ಸುಣ್ಣದ ಅಂಶ, ಪೊಟ್ಯಾಷ್ ಇರುವುದರಿಂದ ಸುಮಾರು 1250 ಡಿಗ್ರಿಯಲ್ಲಿ ಮಣ್ಣಿನ ಜೊತೆ ಸೇರಿ ತಾನೇ ಗಾಜಾಗುತ್ತದೆ. ಭತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ, ಅದು ಹಾಲುಬಿಳುಪು ಕೊಡುತ್ತದೆ. ಇವೆರಡೂ ಸ್ಟೋನ್‌ವೇರ್ ಮಣ್ಣಿನ ಮೇಲೆ ಮಾತ್ರ. ಬೂದಿ ಕಲಸುವಾಗ ಕೈಗವಸು, ಒಣ ಪುಡಿ ಮುಟ್ಟುವಾಗ ಮಾಸ್ಕ್ ಮರೆಯಬೇಡಿ. ಗವಸಿಲ್ಲದಿದ್ದರೆ ಕೈ ಸುಡುತ್ತದೆ, ಮಾಸ್ಕ್ ಇಲ್ಲದೆ ಎಷ್ಟೋ ವರ್ಷ ಕುಡಿದ ಸಿಲಿಕಾ ಧೂಳು ಶ್ವಾಸಕೋಶದಲ್ಲೇ ಉಳಿಯುತ್ತದೆ.

ಮಾರುವ ವಿಚಾರ. ಮಾರಿ, ಆದರೆ ಪ್ರತಿಯೊಂದರ ಮೇಲೂ ಅದು ಏನಕ್ಕೆ ಆಗುತ್ತದೆ, ಏನಕ್ಕೆ ಆಗುವುದಿಲ್ಲ ಎಂದು ಬರೆದ ಚೀಟಿ ಕಟ್ಟಿ. ಹೊಗೆಯಾಡಿಸಿದ್ದು, ರಾಕು ಬಗೆಯಲ್ಲಿ ಕಡಿಮೆ ಕಾವಿಗೆ ಸುಟ್ಟದ್ದು, ಗ್ಲೇಜು ಬಿರುಕು ಬಿಟ್ಟದ್ದು ಊಟಕ್ಕಲ್ಲ. ಅದರ ಮೈ ನೀರನ್ನೂ ಎಣ್ಣೆಯನ್ನೂ ಕುಡಿಯುತ್ತದೆ, ಅಲ್ಲೇ ಹಳಸುತ್ತದೆ. ಊಟಕ್ಕೆ ಎಂದು ಮಾರುವ ಗ್ಲೇಜಿನ ಮೇಲೆ ಒಂದು ನಿಂಬೆ ಹೋಳು ಅಥವಾ ವಿನೆಗರ್ ರಾತ್ರಿಯಿಡೀ ಬಿಡಿ. ಬಣ್ಣ ಮಾಸಿದರೆ, ಹೊಳಪು ಕುಂದಿದರೆ ಆ ಗ್ಲೇಜು ಹುಳಿಗೆ ಬಿಡುತ್ತಿದೆ, ತಾಮ್ರ ಹೆಚ್ಚಿರುವ ಹಸಿರುಗಳಲ್ಲಿ ಇದು ಸಾಮಾನ್ಯ. ನಿಂಬೆಹಣ್ಣಿಗೆ ಜಗ್ಗಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಸುರಕ್ಷಿತ ಎಂದೇನೂ ಅಲ್ಲ, ಸೀಸ ಇದೆಯೇ ಎಂಬುದು ಲ್ಯಾಬಿನಲ್ಲೇ ತಿಳಿಯಬೇಕು. ಆದ್ದರಿಂದ ಸೀಸದ ಗ್ಲೇಜನ್ನು ಮನೆಯೊಳಗೇ ತರಬೇಡಿ. ಬೆಲೆಯ ಬಗ್ಗೆ ನನ್ನ ಸಲಹೆ ಚಿಕ್ಕದು. ಗಂಟೆ ಲೆಕ್ಕ ಹಾಕಬೇಡಿ. ಒಡೆದದ್ದರ ಖರ್ಚನ್ನೂ ಉಳಿದದ್ದೇ ಹೊರಬೇಕಲ್ಲ, ಅದನ್ನು ಸೇರಿಸಿ. ಮೊದಲ ಬಟ್ಟಲನ್ನು ಸದ್ಯಕ್ಕೆ ಮಾರಬೇಡಿ, ಅದನ್ನು ನೋಡುತ್ತ ಇನ್ನೂ ಕೆಲವನ್ನು ಮಾಡಬೇಕಿದೆ.

ಬುಡದಲ್ಲಿ ನಿಮ್ಮ ಗುರುತು ಒತ್ತುವುದಕ್ಕೆ ಸಂಕೋಚ ಬೇಡ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಯೇ ಹೋದರು. ಹೋಗಿ ನೋಡಿ ಕಲಿಯಬೇಕೆಂದರೆ ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಶುರುಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿ ಇದೆ, ನಮ್ಮ ದೇಶದ ಸ್ಟುಡಿಯೊ ಕುಂಬಾರಿಕೆಯ ಎಷ್ಟೋ ಕೈಗಳು ಅಲ್ಲಿ ಪಳಗಿದವು. ಅಷ್ಟು ದೂರ ಆಗದಿದ್ದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯಿದೆ, ಅಲ್ಲಿಯ ಕೆಂಪು ಮಣ್ಣು ಹೆಸರುವಾಸಿ. ಅದಕ್ಕೂ ಮುಂಚೆ ನಿಮ್ಮ ತಾಲೂಕಿನಲ್ಲಿ ಇನ್ನೂ ಆವಿಗೆ ಹಾಕುತ್ತಿರುವ ಕುಂಬಾರರ ಮನೆ ಯಾವುದೆಂದು ವಿಚಾರಿಸಿ. ಅವರು ಮಣ್ಣು ಎಲ್ಲಿಂದ ತರುತ್ತಾರೆ, ಏನು ಬೆರೆಸುತ್ತಾರೆ ಎಂದು ಕೇಳಿದರೆ ನಿಮ್ಮ ಕೆರೆ ಮಣ್ಣಿನ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಮನೆಯ ದಾರಿ ಅವರಿಗೆ ಗೊತ್ತಿರಬಹುದು.